ಜಾಲಕ್ಕೇರಿಸಿದ ಫೋಟೊ ಪರರ ಪಾಲಾದಾಗ: ಸೋರಿಕೆಯ ದಾರಿ ಹುಡುಕುವ ಮತ್ತು ಮುಚ್ಚುವ ಕ್ರಮ

ತಾವು ತೆಗೆದ ಫೋಟೊ ಇನ್ನೊಬ್ಬರ ಜಾಹೀರಾತಿನಲ್ಲಿಯೋ ಫ್ಲೆಕ್ಸ್‌ನಲ್ಲಿಯೋ ಮಾರಾಟದ ಪುಟದಲ್ಲಿಯೋ ಕಂಡ ಕೂಡಲೇ ಬಹುತೇಕರು ಎರಡು ಕೆಲಸ ಮಾಡುತ್ತಾರೆ. ಉಳಿದ ಎಲ್ಲ ಫೋಟೊಗಳ ಮೇಲೆ ದಪ್ಪಕ್ಷರದಲ್ಲಿ ಹೆಸರು ಒತ್ತುತ್ತಾರೆ, ಜಾಲತಾಣದಲ್ಲಿ ರೈಟ್ ಕ್ಲಿಕ್ ನಡೆಯದಂತೆ ಮಾಡಿಸುತ್ತಾರೆ. ಫೋಟೊ ಯಾವ ದಾರಿಯಿಂದ ಹೊರಗೆ ಹೋಯಿತೆಂಬುದನ್ನು ತಿಳಿಯದೆ ಮಾಡಿದ ಇಂಥ ಏರ್ಪಾಡು ಬಹಳ ಸಲ ಸೋರಿಕೆಯೇ ಇಲ್ಲದ ಕಡೆ ಬೀಳುತ್ತದೆ, ಸೋರುವ ಜಾಗ ಹಾಗೆಯೇ ಉಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಮದುವೆ ಸ್ಟುಡಿಯೊಗಳಿಗೂ, ಗದಗ ಭಾಗದಲ್ಲಿ ಮಾಗಡಿ ಕೆರೆಯ ಹಕ್ಕಿಗಳನ್ನು ಮತ್ತು ಲಕ್ಕುಂಡಿಯ ಶಿಲ್ಪಗಳನ್ನು ಸೆರೆಹಿಡಿಯುವವರಿಗೂ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರಿಗೂ, ನವಲಗುಂದದ ಜಮಖಾನೆ ನೇಯುವವರಿಗೂ ಈ ತೊಂದರೆ ಒಂದೇ ರೂಪದಲ್ಲಿ ಬರುವುದಿಲ್ಲ. ಆದ್ದರಿಂದ ಇಲ್ಲಿ ಮೊದಲು ಪತ್ತೆ ಮಾಡುವ ಕ್ರಮವನ್ನು, ಆಮೇಲೆ ಆಯಾ ದೋಷಕ್ಕೆ ತಕ್ಕ ಪರಿಹಾರವನ್ನು ಹೇಳಲಾಗಿದೆ.

ಸಿಕ್ಕ ಪ್ರತಿಯನ್ನು ಮೊದಲು ಪರೀಕ್ಷಿಸಿ

ಒಂದು ಫೋಟೊ ಒಂದೇ ಪ್ರತಿಯಾಗಿ ಉಳಿಯುವುದಿಲ್ಲ. ಕ್ಯಾಮೆರಾದ ಮೂಲ ಪ್ರತಿ ಒಂದು, ಜಾಲತಾಣಕ್ಕೆ ಏರಿಸಿದ್ದು ಇನ್ನೊಂದು, ಇನ್‌ಸ್ಟಾಗ್ರಾಮ್‌ನದ್ದು ಬೇರೆ, ಗಿರಾಕಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಬೇರೆ, ಆಲ್ಬಮ್ ಆಯ್ಕೆಗೆಂದು ಡ್ರೈವ್‌ನಲ್ಲಿಟ್ಟದ್ದು, ಮುದ್ರಣಕ್ಕೆಂದು ಪೆನ್‌ಡ್ರೈವ್‌ನಲ್ಲಿ ಡಿಟಿಪಿ ಅಂಗಡಿಗೆ ಕೊಟ್ಟದ್ದು ಮತ್ತೂ ಬೇರೆ. ಪ್ರತಿಯೊಂದಕ್ಕೂ ತನ್ನದೇ ಅಳತೆ, ತನ್ನದೇ ಗುರುತು ಇರುತ್ತದೆ. ಆದ್ದರಿಂದ ಅನುಮತಿಯಿಲ್ಲದೆ ಬಳಸಿದವರ ಪುಟದಿಂದ ಆ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಅದರ ಕಡತದ ಹೆಸರು, ಅಗಲ ಮತ್ತು ಎತ್ತರದ ಪಿಕ್ಸೆಲ್ ಲೆಕ್ಕ, ಅಂಚುಗಳು ಎಲ್ಲಿ ಕತ್ತರಿಸಿವೆ ಎಂಬುದು, ಮೆಟಾಡೇಟಾದಲ್ಲಿ (ಕಡತದೊಳಗೇ ಅಡಗಿರುವ ಕ್ಯಾಮೆರಾ, ದಿನಾಂಕ, ಹೆಸರಿನಂಥ ವಿವರಗಳಲ್ಲಿ) ಏನು ಉಳಿದಿದೆ ಎಂಬುದು, ಈ ನಾಲ್ಕನ್ನು ನೋಡಬೇಕು. ಫೋನಿನಲ್ಲಿ ನೋಡುವುದಕ್ಕಿಂತ ಕಂಪ್ಯೂಟರ್‌ನಲ್ಲಿ ಕಡತದ ವಿವರಗಳನ್ನು ತೆರೆದು ನೋಡುವುದು ಒಳ್ಳೆಯದು.

ಅಗಲ 1080 ಪಿಕ್ಸೆಲ್ ಇದ್ದರೆ ಅದು ಇನ್‌ಸ್ಟಾಗ್ರಾಮ್‌ನಿಂದ ಇಳಿಸಿಕೊಂಡ ಪ್ರತಿ ಎಂಬ ಸಂಶಯ ಬಲವಾಗುತ್ತದೆ. ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿನಲ್ಲಿದ್ದು, ಕಡತದ ಹೆಸರಿನಲ್ಲಿ ದಿನಾಂಕದ ಜೊತೆಗೆ ‘ಡಬ್ಲ್ಯೂಎ’ ಎಂಬ ಎರಡು ಅಕ್ಷರ ಮತ್ತು ನಾಲ್ಕಂಕಿಯ ಸಂಖ್ಯೆ ಇದ್ದರೆ ಅದು ವಾಟ್ಸ್‌ಆ್ಯಪ್ ಮೂಲಕ ಸಾಗಿ ಬಂದದ್ದು. ಬರೀ ಅಂಕಿಗಳ ಉದ್ದನೆಯ ಸರಣಿ ಅಡಿಗೆರೆಗಳಿಂದ ಜೋಡಿಸಿಕೊಂಡು ಕೊನೆಗೆ ‘ಎನ್’ ಅಕ್ಷರದಲ್ಲಿ ಮುಗಿದರೆ ಫೇಸ್‌ಬುಕ್‌ನ ಇಲ್ಲವೆ ಇನ್‌ಸ್ಟಾಗ್ರಾಮ್‌ನ ಪ್ರತಿ. ಅಳತೆ ಯಾವುದೋ ಫೋನಿನ ಪರದೆಯ ಅಳತೆಗೆ, ಉದಾಹರಣೆಗೆ 1080 × 2400ಕ್ಕೆ, ಸರಿಹೊಂದಿದರೆ ಅದು ಸ್ಕ್ರೀನ್‌ಶಾಟ್. ಈ ಗುರುತುಗಳಲ್ಲಿ ಯಾವುದೂ ಒಂದೇ ನಿರ್ಣಾಯಕವಲ್ಲ, ಏಕೆಂದರೆ ಕದ್ದವರು ಹೆಸರು ಬದಲಿಸಿರಬಹುದು, ಮತ್ತೆ ಕತ್ತರಿಸಿರಬಹುದು. ಎರಡು ಗುರುತು ಒಂದೇ ಕಡೆ ಬೊಟ್ಟು ಮಾಡಿದಾಗ ಮಾತ್ರ ತೀರ್ಮಾನಕ್ಕೆ ಬರಬೇಕು.

ಚಿತ್ರ ಎಲ್ಲೆಲ್ಲಿ ಹರಡಿದೆಯೆಂದು ನೋಡಲು, ಚಿತ್ರವನ್ನೇ ಕೊಟ್ಟು ಹುಡುಕುವ ಸೇವೆಗಳಾದ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡರಲ್ಲೂ ಹುಡುಕಿರಿ. ಇಡೀ ಚಿತ್ರದಿಂದ ಫಲ ಸಿಗದಿದ್ದರೆ ಅದರ ವಿಶಿಷ್ಟ ಭಾಗವನ್ನಷ್ಟೇ ಕತ್ತರಿಸಿ ಹಾಕಿರಿ, ಎಡಬಲ ತಿರುಗಿಸಿಯೂ ಒಮ್ಮೆ ಹಾಕಿರಿ. ಪತ್ತೆಯಾಗಬಾರದೆಂದು ಚಿತ್ರವನ್ನು ಎಡಬಲ ಮಾಡಿ ಬಳಸುವುದುಂಟು, ಅಂಥಲ್ಲಿ ಅಂಗಡಿಯ ಬೋರ್ಡಿನ ಅಕ್ಷರಗಳು ಉಲ್ಟಾ ಕಾಣುತ್ತವೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಖಾಸಗಿ ಖಾತೆಗಳಲ್ಲಿ ಇರುವುದು ಈ ಹುಡುಕಾಟಕ್ಕೆ ಸಿಗುವುದಿಲ್ಲ.

ಪುಟದಲ್ಲಿ ಚಿಕ್ಕದು, ಸರ್ವರ್‌ನಲ್ಲಿ ಪೂರ್ತಿ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ, ಆದರೆ ಎಲ್ಲಕ್ಕಿಂತ ಕಡಿಮೆ ಜನ ಗಮನಿಸುವ ದೋಷ ಇದು. ಬ್ಯಾಡಗಿಯ ಒಬ್ಬ ವ್ಯಾಪಾರಸ್ಥರು ತಮ್ಮ ಕಣದಲ್ಲಿ ಹರವಿದ ಡಬ್ಬಿ ಮೆಣಸಿನಕಾಯಿಯ ಚಿತ್ರವನ್ನು ಜಾಲತಾಣಕ್ಕೆ ಹಾಕಿಸಿದ್ದರು. ಅದೇ ಚಿತ್ರ ಬೇರೆ ರಾಜ್ಯದ ಮಾರಾಟಗಾರರೊಬ್ಬರ ಪುಟದಲ್ಲಿ, ಬೇರೆ ಹೆಸರಿನ ಸರಕಿಗೆ ಅಂಟಿಕೊಂಡು ಕಾಣಿಸಿತು. ‘ನಾವು ಸಣ್ಣ ಸೈಜ್ ಹಾಕೀವ್ರೀ, ರೈಟ್ ಕ್ಲಿಕ್ ಸೈತ ಬಂದ್ ಮಾಡಿಸೀವಿ, ಮತ್ತ ಹ್ಯಾಂಗ ಹೋತು?’ ಎಂಬುದು ಅವರ ಪ್ರಶ್ನೆಯಾಗಿತ್ತು. ಕದ್ದ ಪ್ರತಿಯ ಅಳತೆ ನೋಡಿದರೆ 6000 × 4000, ಅಂದರೆ ಕ್ಯಾಮೆರಾದಿಂದ ಬಂದ ಪೂರ್ಣ ಚಿತ್ರ. ಒಂದೊಂದು ಕಾಯಿಯ ಸುಕ್ಕು, ತೊಟ್ಟಿನ ಒಣ ಬಣ್ಣ, ಎಲ್ಲವೂ ಮುದ್ರಣಕ್ಕೆ ಸಲ್ಲುವಷ್ಟು ಸ್ಪಷ್ಟವಾಗಿದ್ದವು.

ಅವರ ಜಾಲತಾಣ ವರ್ಡ್‌ಪ್ರೆಸ್ ಎಂಬ, ಜಾಲತಾಣ ಕಟ್ಟುವ ತಂತ್ರಾಂಶದಲ್ಲಿತ್ತು. ವರ್ಡ್‌ಪ್ರೆಸ್‌ಗೆ ದೊಡ್ಡ ಚಿತ್ರ ಏರಿಸಿದಾಗ ಅದು ತಾನಾಗಿಯೇ ಹಲವು ಅಳತೆಯ ಪ್ರತಿಗಳನ್ನು ತಯಾರಿಸುತ್ತದೆ, ಆ ಅಳತೆಯನ್ನು ಕಡತದ ಹೆಸರಿನ ಕೊನೆಗೆ ಸೇರಿಸುತ್ತದೆ. 2019ರ ನವೆಂಬರ್‌ನಲ್ಲಿ ಬಂದ 5.3ನೆಯ ಆವೃತ್ತಿಯಿಂದ ಈಚೆಗೆ, 2560 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರಕ್ಕೆ ‘ಸ್ಕೇಲ್ಡ್’ ಎಂಬ ಬಾಲವಿರುವ ಒಂದು ಪ್ರತಿಯೂ ಸೇರುತ್ತದೆ. ಆದರೆ ಮೂಲ ಕಡತ ಅಳಿಯುವುದಿಲ್ಲ, ವರ್ಷ ಮತ್ತು ತಿಂಗಳಿನ ಹೆಸರಿನ ಅದೇ ಫೋಲ್ಡರ್‌ನಲ್ಲಿ ಕುಳಿತಿರುತ್ತದೆ. ಪುಟದಲ್ಲಿ ಕಾಣುತ್ತಿದ್ದ ಚಿತ್ರದ ವಿಳಾಸದ ಕೊನೆಯಲ್ಲಿದ್ದ ‘1024×683’ ಎಂಬ ಭಾಗವನ್ನು, ಅದಕ್ಕೂ ಮೊದಲಿರುವ ಅಡ್ಡಗೆರೆಯೊಂದಿಗೆ ಅಳಿಸಿ ಎಂಟರ್ ಒತ್ತಿದಾಗ ಮೂಲ ಚಿತ್ರ ತೆರೆದುಕೊಂಡಿತು. ಪಾಸ್‌ವರ್ಡ್ ಬೇಕಾಗಲಿಲ್ಲ, ರೈಟ್ ಕ್ಲಿಕ್ ಬೇಕಾಗಲಿಲ್ಲ.

ನಿಮ್ಮ ಜಾಲತಾಣದಲ್ಲಿ ಇದೇ ಪರೀಕ್ಷೆಯನ್ನು ಇಂದೇ ಮಾಡಿ ನೋಡಿ. ಚಿತ್ರದ ವಿಳಾಸವನ್ನು ಹೊಸ ಟ್ಯಾಬ್‌ನಲ್ಲಿ ತೆರೆದು ಅಳತೆಯ ಬಾಲವನ್ನು ಅಳಿಸಿರಿ. ಅನಂತರ ಕಡತದ ಹೆಸರನ್ನೇ ಪೂರ್ತಿ ಅಳಿಸಿ ಫೋಲ್ಡರ್‌ನ ವಿಳಾಸವನ್ನಷ್ಟೇ ತೆರೆಯಿರಿ. ಕಡತಗಳ ಪಟ್ಟಿ ಕಂಡರೆ ಒಂದಲ್ಲ, ಆ ತಿಂಗಳ ಎಲ್ಲ ಚಿತ್ರಗಳೂ ಊರಿಗೆಲ್ಲ ತೆರೆದಿವೆ ಎಂದೇ ಅರ್ಥ. ಪರಿಹಾರ ಸರಳ. ಏರಿಸುವ ಮೊದಲೇ ನಿಮ್ಮ ಕಂಪ್ಯೂಟರ್‌ನಲ್ಲಿ ಚಿತ್ರವನ್ನು 1200 ಅಥವಾ 1600 ಪಿಕ್ಸೆಲ್‌ಗೆ ಇಳಿಸಿರಿ, ಈಗಾಗಲೇ ಏರಿಸಿದವುಗಳ ಮೂಲ ಕಡತಗಳನ್ನು ಸರ್ವರ್‌ನ ಫೈಲ್ ಮ್ಯಾನೇಜರ್‌ನಿಂದ ತೆಗೆದುಹಾಕಿಸಿರಿ, ಫೋಲ್ಡರ್ ಪಟ್ಟಿ ಕಾಣದಂತೆ ಮಾಡಿಸಿರಿ. ರೈಟ್ ಕ್ಲಿಕ್ ತಡೆಯುವ ಪ್ಲಗಿನ್‌ಗೆ ಹಣ ಕೊಡಬೇಡಿ, ಏಕೆಂದರೆ ಬ್ರೌಸರ್ ಚಿತ್ರವನ್ನು ತೋರಿಸುವುದಕ್ಕೂ ಮೊದಲು ಅದನ್ನು ನೋಡುವವರ ಯಂತ್ರಕ್ಕೆ ಇಳಿಸಿಕೊಂಡೇ ಇರುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ದೋಷವಿದೆ. ಬೇರೆಯವರ ಪುಟದಲ್ಲಿ ಕಾಣುವ ಚಿತ್ರದ ವಿಳಾಸ ತೆರೆದಾಗ ನಿಮ್ಮದೇ ಡೊಮೇನ್ ಹೆಸರು ಬಂದರೆ, ಅವರು ನಕಲು ಕೂಡ ಮಾಡಿಕೊಂಡಿಲ್ಲ, ನಿಮ್ಮ ಸರ್ವರ್‌ನಿಂದಲೇ ನೇರವಾಗಿ ಎಳೆಯುತ್ತಿದ್ದಾರೆ. ಇದನ್ನು ಹಾಟ್‌ಲಿಂಕ್ ಎನ್ನುತ್ತಾರೆ. ಹೋಸ್ಟಿಂಗ್‌ನ ನಿಯಂತ್ರಣ ಫಲಕದಲ್ಲಿ ಅಥವಾ ಕ್ಲೌಡ್‌ಫ್ಲೇರ್‌ನಂಥ ಸೇವೆಯಲ್ಲಿ ಹಾಟ್‌ಲಿಂಕ್ ತಡೆಯುವ ಸೌಲಭ್ಯವಿರುತ್ತದೆ, ವಿನಂತಿ ಯಾವ ತಾಣದಿಂದ ಬಂತೆಂದು ನೋಡಿ ಅದು ಚಿತ್ರವನ್ನು ನಿರಾಕರಿಸುತ್ತದೆ. ಅದನ್ನು ಚಾಲೂ ಮಾಡುವ ಮೊದಲು ಸಾಕ್ಷ್ಯ ಉಳಿಸಿಕೊಳ್ಳಿರಿ. ಗೂಗಲ್ ಚಿತ್ರ ಹುಡುಕಾಟವನ್ನು ಅನುಮತಿಯ ಪಟ್ಟಿಯಲ್ಲಿ ಇಡಲು ಮರೆತರೆ ನಿಮ್ಮ ಗಿರಾಕಿಗಳೇ ನಿಮ್ಮನ್ನು ಕಾಣದಂತಾಗುತ್ತದೆ.

ಲಿಂಕ್‌ನಿಂದ, ಗುಂಪಿನಿಂದ, ಪೆನ್‌ಡ್ರೈವ್‌ನಿಂದ

ಮದುವೆ ಸ್ಟುಡಿಯೊಗಳ ಚಿತ್ರಗಳು ಜಾಲತಾಣದಿಂದ ಹೋಗುವುದು ಅಪರೂಪ. ಆಲ್ಬಮ್‌ಗೆ ಫೋಟೊ ಆರಿಸಲೆಂದು ಗಿರಾಕಿಗೆ ಕೊಟ್ಟ ಡ್ರೈವ್ ಲಿಂಕ್ ‘ಲಿಂಕ್ ಇರುವ ಯಾರಾದರೂ’ ಎಂಬ ಸ್ಥಿತಿಯಲ್ಲಿರುತ್ತದೆ. ಅದು ಮನೆಮಂದಿಯ ಗುಂಪಿಗೆ, ಅಲ್ಲಿಂದ ಬೀಗರ ಗುಂಪಿಗೆ, ಅಲ್ಲಿಂದ ಯಾರ ಕೈಗೋ ಹೋಗುತ್ತದೆ. ಕದ್ದ ಪ್ರತಿಯ ಅಳತೆ ದೊಡ್ಡದಿದ್ದು, ನೀವು ಎಲ್ಲಿಯೂ ಪ್ರಕಟಿಸದ ಚೌಕಟ್ಟು ಅದಾಗಿದ್ದರೆ ಈ ದಾರಿಯನ್ನೇ ಮೊದಲು ಪರೀಕ್ಷಿಸಬೇಕು. ಖಾಸಗಿ ವಿಂಡೊದಲ್ಲಿ, ಯಾವ ಖಾತೆಗೂ ಲಾಗಿನ್ ಆಗದೆ ಆ ಲಿಂಕ್ ತೆರೆದು ನೋಡಿರಿ. ತೆರೆದುಕೊಂಡರೆ ದೋಷ ಅಲ್ಲಿದೆ. ಆಯ್ಕೆಗೆ ಕೊಡುವ ಪ್ರತಿಗಳು ಕಡಿಮೆ ಅಳತೆಯವಾಗಿರಲಿ, ಸಂಖ್ಯೆ ಚಿತ್ರದ ಮೇಲೆಯೇ ಇರಲಿ, ಪ್ರವೇಶ ನಿರ್ದಿಷ್ಟ ಇಮೇಲ್‌ಗಳಿಗೆ ಮಾತ್ರ ಇರಲಿ, ಆಯ್ಕೆ ಮುಗಿದ ದಿನವೇ ಲಿಂಕ್ ಬಂದ್ ಆಗಲಿ.

ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಮೆಟಾಡೇಟಾ ಉದುರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಕಡತವೇ, ತೆಗೆದ ಸ್ಥಳದ ಜಿಪಿಎಸ್ ಗುರುತಿನೊಂದಿಗೆ, ಹಾಗೆಯೇ ಹೋಗುತ್ತದೆ. ಕಪ್ಪತಗುಡ್ಡದಲ್ಲಿ ತೋಳದ ಗುಹೆಯ ಚಿತ್ರ ತೆಗೆದವರು ಇದನ್ನು ಬಹಳ ಎಚ್ಚರದಿಂದ ನೋಡಬೇಕು, ಅಲ್ಲಿ ಚಿತ್ರಕ್ಕಿಂತ ಸ್ಥಳ ಸೋರುವುದು ಹೆಚ್ಚು ಅಪಾಯ. ಮನೆಯೊಳಗೆ ತೆಗೆದ ಮಕ್ಕಳ ಫೋಟೊಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಡಿಟಿಪಿ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟರೆ ಬೇಕಾದ ಒಂದು ಚಿತ್ರ ಮಾತ್ರ ಅದರಲ್ಲಿರಲಿ, ಕೆಲಸ ಮುಗಿದ ಮೇಲೆ ಅಲ್ಲಿನ ಡೆಸ್ಕ್‌ಟಾಪ್‌ನಿಂದ ಅಳಿಸಲು ಕೇಳಿರಿ.

ಚಿಕ್ಕ ಅಳತೆಯ ಭರವಸೆ ಎಷ್ಟು?

ಚಿಕ್ಕದಾಗಿ ಹಾಕಿದರೆ ಯಾರೂ ಬಳಸಲಾರರು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಆಲ್ಬಮ್‌ನ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂದು ಹಿಡಿದರೆ 1080 ಪಿಕ್ಸೆಲ್ ಅಗಲದ ಚಿತ್ರ ಮೂರೂವರೆ ಇಂಚಿಗಿಂತ ತುಸು ಹೆಚ್ಚು ಬರುತ್ತದೆ, ಅಷ್ಟೆ. ಕ್ಯಾಲೆಂಡರ್‌ಗೂ ಪುಸ್ತಕಕ್ಕೂ ಅದು ಸಾಲದು. ಆದರೆ ಅದೇ ಚಿತ್ರವನ್ನು ಮೂರು ಅಡಿ ಅಗಲದ ಫ್ಲೆಕ್ಸ್‌ಗೆ ಹಿಗ್ಗಿಸಿದರೆ ಇಂಚಿಗೆ 30 ಪಿಕ್ಸೆಲ್ ಉಳಿಯುತ್ತದೆ, ಚನ್ನಮ್ಮ ಸರ್ಕಲ್‌ನಲ್ಲಿ ಬಸ್ಸಿನೊಳಗಿಂದ ನೋಡುವವರ ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಮೊಬೈಲ್ ಪರದೆಯ ಜಾಹೀರಾತಿಗಂತೂ ಧಾರಾಳ. ಆದ್ದರಿಂದ ಅಳತೆ ಇಳಿಸುವುದು ಮುದ್ರಣದ ಕಳವಿಗೆ ತಡೆ, ಫ್ಲೆಕ್ಸ್ ಮತ್ತು ಆನ್‌ಲೈನ್ ಕಳವಿಗೆ ತಡೆಯಲ್ಲ. ಅಂಥಲ್ಲಿ ವಾಟರ್‌ಮಾರ್ಕ್‌ನ ಮಾತು ಬರುತ್ತದೆ.

ಮೂಲೆಯಲ್ಲಿ ಹಾಕಿದ ವಾಟರ್‌ಮಾರ್ಕ್ ಒಂದು ಕತ್ತರಿಗೆ ಹೋಗುತ್ತದೆ. ನೀಲಿ ಆಕಾಶ, ಬಯಲು, ಗೋಡೆ ಇಂಥ ಸಪಾಟು ಜಾಗದ ಮೇಲೆ ಹಾಕಿದ್ದನ್ನು ಈಗಿನ ಎಐ ಸಾಧನಗಳು ಕ್ಷಣದಲ್ಲಿ ಅಳಿಸುತ್ತವೆ. ಮುಖ್ಯ ವಸ್ತುವಿಗೆ ತಾಗಿಕೊಂಡು, ಸೂಕ್ಷ್ಮ ವಿವರಗಳಿರುವ ಕಡೆ ತಿಳಿಯಾಗಿ ಹಾಕಿದ್ದು ಹೆಚ್ಚು ಬಾಳುತ್ತದೆ: ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತಿನ ರೆಕ್ಕೆಯ ಕೆಳಗಿನ ಅಲೆಗಳ ಮೇಲೆ, ಜಮಖಾನೆಯ ನವಿಲಿನ ವಿನ್ಯಾಸ ಕೂಡುವ ಕಡೆ. ಮಾರಾಟಕ್ಕಿಟ್ಟ ಚಿತ್ರಗಳಿಗೆ ಅಡ್ಡಲಾಗಿ ಹಾಕುವುದು ಸರಿ. ಆದರೆ ತಮ್ಮ ಕೆಲಸವನ್ನು ತೋರಿಸಲೆಂದು ಇಟ್ಟ ಚಿತ್ರದ ಮುಖದ ಮೇಲೆಯೇ ಹೆಸರು ಒತ್ತುವುದು ನನಗೆ ಸರಿಕಾಣುವುದಿಲ್ಲ, ಚಿತ್ರವನ್ನು ಉಳಿಸಲು ಹೋಗಿ ಅದನ್ನು ನೋಡುವ ಸುಖವನ್ನೇ ಕಳೆದಂತಾಗುತ್ತದೆ.

ಅದಕ್ಕಿಂತ ಗಟ್ಟಿಯಾದ, ಖರ್ಚಿಲ್ಲದ ಉಪಾಯ ಎರಡಿವೆ. ಯಾವ ಚಿತ್ರವನ್ನೂ ಪೂರ್ಣ ಚೌಕಟ್ಟಿನಲ್ಲಿ ಪ್ರಕಟಿಸಬೇಡಿ. ನಾಲ್ಕೂ ಅಂಚಿನಿಂದ ಸ್ವಲ್ಪ ಕತ್ತರಿಸಿ ಹಾಕಿ, ಆ ಅಂಚು ಮತ್ತು ರಾ ಕಡತ (ಕ್ಯಾಮೆರಾದ ಸಂಸ್ಕರಿಸದ ಮೂಲ ಕಡತ) ನಿಮ್ಮಲ್ಲಿಯೇ ಉಳಿಯಲಿ. ನಾಳೆ ‘ಇದು ನಮ್ಮದೇ ಫೋಟೊ’ ಎಂದು ವಾದ ಬಂದಾಗ, ಚೌಕಟ್ಟಿನಾಚೆ ಏನಿತ್ತೆಂದು ತೋರಿಸಬಲ್ಲವರು ನೀವು ಮಾತ್ರ. ಎರಡನೆಯದು, ಜಾಲತಾಣಕ್ಕೆ, ಇನ್‌ಸ್ಟಾಗ್ರಾಮ್‌ಗೆ, ಗಿರಾಕಿಗೆ ಕೊಡುವ ಪ್ರತಿಗಳ ಕತ್ತರಿಯನ್ನು ತುಸು ಬೇರೆ ಬೇರೆ ಮಾಡುವುದು. ಒಂದರಲ್ಲಿ ಎಡಗಡೆಯ ಕಂಬ ಪೂರ್ತಿ, ಇನ್ನೊಂದರಲ್ಲಿ ಅರ್ಧ. ಹೀಗಿದ್ದರೆ ಕದ್ದ ಪ್ರತಿ ಸಿಕ್ಕ ಕೂಡಲೇ ಅದು ಎಲ್ಲಿಂದ ಹೋಯಿತೆಂಬುದು ಕಣ್ಣಿಗೇ ತಿಳಿಯುತ್ತದೆ.

ಮೆಟಾಡೇಟಾದ ರಚನಕಾರ ಮತ್ತು ಹಕ್ಕುಸ್ವಾಮ್ಯದ ಕ್ಷೇತ್ರಗಳಲ್ಲಿ ಹೆಸರು ತುಂಬುವುದನ್ನೂ ಬಿಡಬೇಡಿ. ಬಹುಪಾಲು ಸಾಮಾಜಿಕ ಜಾಲತಾಣಗಳು ಅದನ್ನು ಪೂರ್ತಿಯಾಗಿ ಇಲ್ಲವೆ ಭಾಗಶಃ ಅಳಿಸುತ್ತವೆ, ಆದರೆ ನೇರವಾಗಿ ಕೊಟ್ಟ ಕಡತಗಳಲ್ಲಿ ಉಳಿಯುತ್ತದೆ. ಎಐ ತರಬೇತಿಗೆ ಚಿತ್ರ ಎತ್ತುವ ಬಾಟ್‌ಗಳನ್ನು ತಾಣದ ರೋಬೋಟ್ಸ್ ಕಡತದಲ್ಲಿ (ಬಾಟ್‌ಗಳಿಗೆ ಸೂಚನೆ ಬರೆದಿಡುವ robots.txt) ಹೆಸರಿಸಿ ಬೇಡವೆನ್ನಬಹುದು. ಅದು ಕೋರಿಕೆ ಮಾತ್ರ, ಬೀಗವಲ್ಲ.

ದೂರುವ ಮೊದಲು: ಹಕ್ಕು ಯಾರದು?

ಇಲ್ಲಿ ಎಡವುವವರು ಬಹಳ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಫೋಟೊ ಒಂದು ಕಲಾಕೃತಿ, ತೆಗೆದ ಕ್ಷಣದಿಂದಲೇ ಅದಕ್ಕೆ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. 2012ರ ತಿದ್ದುಪಡಿಯ ನಂತರ ಆ ಹಕ್ಕು ತೆಗೆದವರ ಜೀವಿತಾವಧಿ ಮತ್ತು ಅನಂತರದ 60 ವರ್ಷ ಇರುತ್ತದೆ. ಆದರೆ ಕಲಂ 17ರಲ್ಲಿ ಒಂದು ಮುಖ್ಯ ವಿನಾಯಿತಿಯಿದೆ: ಒಬ್ಬರು ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಸಂಬಳದ ಕೆಲಸದಲ್ಲಿ ತೆಗೆದದ್ದು ಸಾಮಾನ್ಯವಾಗಿ ಕೆಲಸ ಕೊಟ್ಟವರದು.

ಇದರ ಅರ್ಥ ಸ್ಪಷ್ಟ. ಉಣಕಲ್ ಕೆರೆಯ ದಂಡೆಯಲ್ಲಿ ತೆಗೆದ ಪ್ರಿ-ವೆಡ್ಡಿಂಗ್ ಫೋಟೊವನ್ನು ಮದುಮಗನ ಕಡೆಯವರು ಫ್ಲೆಕ್ಸ್ ಮಾಡಿಸಿದರೆ, ಲಿಖಿತ ಒಪ್ಪಂದ ಇಲ್ಲದ ಸ್ಟುಡಿಯೊ ಅದನ್ನು ಕಳವು ಎನ್ನಲಾಗದು. ತದ್ವಿರುದ್ಧವಾಗಿ, ಅವರ ಒಪ್ಪಿಗೆಯಿಲ್ಲದೆ ಸ್ಟುಡಿಯೊ ತನ್ನ ಜಾಹೀರಾತಿಗೆ ಮದುಮಗಳ ಮುಖ ಬಳಸಿದರೆ ದೂರುವ ಹಕ್ಕು ಅವರಿಗಿದೆ. ಮುಂಗಡ ಪಡೆಯುವ ರಸೀದಿಯಲ್ಲಿಯೇ ಎರಡು ಸಾಲು ಬರೆದು ಎರಡೂ ಕಡೆಯವರು ಸಹಿ ಹಾಕುವುದು ಈ ದೋಷಕ್ಕೆ ಪೂರ್ಣ ಪರಿಹಾರ. ಮೂರನೆಯವರು, ಉದಾಹರಣೆಗೆ ಇನ್ನೊಂದು ಸ್ಟುಡಿಯೊ, ಅದನ್ನು ತಮ್ಮ ಕೆಲಸವೆಂದು ತೋರಿಸಿಕೊಂಡರೆ ಮಾತು ಬೇರೆ. ಹಕ್ಕು ಗಿರಾಕಿಯದ್ದಾಗಿದ್ದರೂ ತೆಗೆದವರು ತಾವೇ ಎಂದು ಹೇಳಿಕೊಳ್ಳುವ ಅಧಿಕಾರ ಕಲಂ 57ರಂತೆ ಛಾಯಾಗ್ರಾಹಕರಲ್ಲಿಯೇ ಉಳಿಯುತ್ತದೆ.

ಮುಖದ ಚಿತ್ರ ಬಳಸಿ ನಕಲಿ ಖಾತೆ ತೆರೆದಿದ್ದರೆ ಅಥವಾ ಚಿತ್ರವನ್ನು ಅಶ್ಲೀಲವಾಗಿ ತಿರುಚಿದ್ದರೆ ಇದು ಕೃತಿಸ್ವಾಮ್ಯದ ವಿಷಯವೇ ಅಲ್ಲ, ಆ ದಾರಿಯಲ್ಲಿ ಒಂದು ಗಂಟೆಯನ್ನೂ ಕಳೆಯಬೇಡಿ. ಆಯಾ ಜಾಲತಾಣದಲ್ಲಿ ನಕಲಿ ವ್ಯಕ್ತಿತ್ವದ ದೂರನ್ನು ಸಲ್ಲಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿರಿ. ಖಾಸಗಿ ಚಿತ್ರಗಳು ಹರಡುವ ಬೆದರಿಕೆ ಇದ್ದರೆ ‘ಸ್ಟಾಪ್ ಎನ್‌ಸಿಐಐ’ ಎಂಬ ಸೇವೆ ಚಿತ್ರವನ್ನು ನಿಮ್ಮ ಫೋನಿನಿಂದ ಹೊರಗೆ ತೆಗೆದುಕೊಳ್ಳದೆ, ಅದರ ಹ್ಯಾಶ್ ಎಂಬ ಸಂಕೇತವನ್ನು ಮಾತ್ರ ಪಾಲ್ಗೊಂಡ ಜಾಲತಾಣಗಳಿಗೆ ಕೊಟ್ಟು ತಡೆಯುತ್ತದೆ. ಹೆಣ್ಣುಮಕ್ಕಳು ಇಂಥ ಹೊತ್ತಿನಲ್ಲಿ ಮನೆಯವರಿಗೆ ಹೇಳಲು ಅಂಜುತ್ತಾರೆ. ಮನೆಯವರು ಮೊದಲು ಅವರ ಪಕ್ಕ ನಿಲ್ಲಬೇಕು, ‘ಫೋಟೊ ಯಾಕ ಹಾಕಿದಿ’ ಎಂಬ ಪ್ರಶ್ನೆ ಆಗ ಬೇಡ.

ಸಾಕ್ಷ್ಯ, ನಂತರ ನೋಟಿಸು

ಕದ್ದವರಿಗೆ ಫೋನ್ ಮಾಡುವ ಮೊದಲು ಸಾಕ್ಷ್ಯ ಉಳಿಸಿರಿ, ಏಕೆಂದರೆ ಫೋನ್ ಇಟ್ಟ ಕೂಡಲೇ ಪುಟ ಮಾಯವಾಗಬಹುದು. ವಿಳಾಸ ಮತ್ತು ದಿನಾಂಕ ಕಾಣುವಂತೆ ಇಡೀ ಪುಟದ ಸ್ಕ್ರೀನ್‌ಶಾಟ್, ಜಾಲಪುಟಗಳ ಹಳೆಯ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿದ ಪ್ರತಿ, ನಿಮ್ಮ ರಾ ಕಡತ ಮತ್ತು ಅದರ ಹಿಂದುಮುಂದಿನ ಚೌಕಟ್ಟುಗಳು ಒಂದೇ ಫೋಲ್ಡರ್‌ನಲ್ಲಿರಲಿ. ಫ್ಲೆಕ್ಸ್ ಆಗಿದ್ದರೆ ಅದು ನಿಂತ ಜಾಗದ ಗುರುತು ಕಾಣುವಂತೆ ಫೋಟೊ ತೆಗೆದುಕೊಳ್ಳಿರಿ. ನ್ಯಾಯಾಲಯಕ್ಕೆ ಹೋಗುವ ಸಂಭವವಿದ್ದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಕಡತದ ಹ್ಯಾಶ್ ಮೌಲ್ಯ ನಮೂದಿಸಬೇಕಾದ್ದರಿಂದ ಉಳಿಸಿದ ಕಡತವನ್ನು ಮತ್ತೆ ತೆರೆದು ತಿದ್ದಬಾರದು.

ನಂತರ ಮೊದಲ ಪತ್ರ ಸೌಮ್ಯವಾಗಿರಲಿ. ನಮ್ಮ ಕಡೆ ಬಹುತೇಕ ಪ್ರಕರಣಗಳಲ್ಲಿ ಫೋಟೊ ಬಳಸಿದವರು ‘ಗೂಗಲ್‌ನಾಗ ಸಿಕ್ತು’ ಎಂದು ನಿಜವಾಗಿಯೇ ನಂಬಿ ಬಳಸಿರುತ್ತಾರೆ. ತೆಗೆಯದಿದ್ದರೆ ಆ ಜಾಲತಾಣದ ಕೃತಿಸ್ವಾಮ್ಯ ದೂರಿನ ನಮೂನೆ ತುಂಬಿರಿ, ಹೋಸ್ಟಿಂಗ್ ಸಂಸ್ಥೆಗೆ ಬರೆಯಿರಿ, ಗೂಗಲ್ ಹುಡುಕಾಟದಿಂದ ತೆಗೆಸಲು ಪ್ರತ್ಯೇಕ ಅರ್ಜಿ ಹಾಕಿರಿ. 2013ರ ಕೃತಿಸ್ವಾಮ್ಯ ನಿಯಮಗಳ 75ನೆಯ ನಿಯಮದಂತೆ, ಲಿಂಕ್ ಅಥವಾ ಪ್ರವೇಶ ಒದಗಿಸುವ ಮಧ್ಯವರ್ತಿ ಸರಿಯಾದ ಲಿಖಿತ ದೂರು ಬಂದ 36 ಗಂಟೆಗಳಲ್ಲಿ ಕ್ರಮ ಕೈಗೊಳ್ಳಬೇಕು. ಆದರೆ 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಪ್ರವೇಶವನ್ನು ಮತ್ತೆ ತೆರೆಯಲು ಅದಕ್ಕೆ ಅವಕಾಶವಿದೆ. ಈ 21 ದಿನಗಳನ್ನು ಕೈಚೆಲ್ಲಿ ಕೂರುವವರು ಹೆಚ್ಚು.

ಕೃತಿಸ್ವಾಮ್ಯ ಕಾಯಿದೆಯ ಕಲಂ 62ರಂತೆ ಹಕ್ಕುದಾರರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು, ಆದ್ದರಿಂದ ಗದುಗಿನವರು ಕದ್ದವರ ಊರಿಗೆ ಅಲೆಯಬೇಕೆಂದಿಲ್ಲ. ತಿಳಿದೂ ತಿಳಿದು ಮಾಡಿದ ಉಲ್ಲಂಘನೆಗೆ ಅದೇ ಕಾಯಿದೆಯ ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ, ಇದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಕ್ಕುದಾರರ ಹೆಸರಿನ ಗುರುತನ್ನು ಗೊತ್ತಿದ್ದೂ ಅಳಿಸುವುದು ಕಲಂ 65ಬಿ ಅಡಿಯಲ್ಲಿ ಪ್ರತ್ಯೇಕ ಅಪರಾಧ. ವಾಟರ್‌ಮಾರ್ಕ್ ಇದ್ದ ಪ್ರತಿಯನ್ನು ಜೋಪಾನವಾಗಿಡಲು ಇದೂ ಒಂದು ಕಾರಣ.

ಸರಿಪಡಿಸಿದ ಮೇಲೆ ಮರುಪರೀಕ್ಷೆ

ಸರ್ವರ್‌ನಿಂದ ಮೂಲ ಕಡತ ಅಳಿಸಿದ ಮೇಲೂ ಹಳೆಯ ವಿಳಾಸದಲ್ಲಿ ಚಿತ್ರ ಕಂಡರೆ ಗಾಬರಿ ಬೇಡ, ಅದು ನಿಮ್ಮ ಬ್ರೌಸರ್‌ನ ಇಲ್ಲವೆ ಕ್ಲೌಡ್‌ಫ್ಲೇರ್‌ನಂಥ ಸೇವೆಯ ಕ್ಯಾಶ್‌ನಲ್ಲಿ (ಬೇಗ ತೋರಿಸಲೆಂದು ಇಟ್ಟುಕೊಳ್ಳುವ ತಾತ್ಕಾಲಿಕ ಸಂಗ್ರಹದಲ್ಲಿ) ಉಳಿದದ್ದಿರಬಹುದು. ಆ ಸೇವೆಯ ಫಲಕದಲ್ಲಿ ಕ್ಯಾಶ್ ಖಾಲಿ ಮಾಡಿಸಿ, ನಿಮ್ಮ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಖಾಸಗಿ ವಿಂಡೊದಲ್ಲಿ ಮತ್ತೆ ತೆರೆಯಿರಿ. ಅಳತೆಯ ಬಾಲ ಅಳಿಸಿದಾಗ ‘ಸಿಗಲಿಲ್ಲ’ ಎಂದು ಬರಬೇಕು, ಫೋಲ್ಡರ್ ವಿಳಾಸ ನಿರಾಕರಣೆ ತೋರಿಸಬೇಕು, ಹಳೆಯ ಡ್ರೈವ್ ಲಿಂಕ್ ಪ್ರವೇಶಕ್ಕೆ ಅನುಮತಿ ಕೇಳಬೇಕು. ಗೂಗಲ್ ಚಿತ್ರ ಹುಡುಕಾಟದಲ್ಲಿ ಹಳೆಯ ಪ್ರತಿ ಇನ್ನೂ ಕಾಣುತ್ತಿದ್ದರೆ ಹಳತಾದ ವಿಷಯ ತೆಗೆಸುವ ಗೂಗಲ್‌ನ ಸಾಧನದಲ್ಲಿ ಆ ಚಿತ್ರದ ವಿಳಾಸ ಸಲ್ಲಿಸಿರಿ. ವರ್ಡ್‌ಪ್ರೆಸ್‌ನ ಥೀಮ್ ಬದಲಿಸಿದಾಗಲೂ ಹೋಸ್ಟಿಂಗ್ ಬದಲಿಸಿದಾಗಲೂ ಇದೇ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಬೇಕು, ಏಕೆಂದರೆ ಹೊಸ ಸರ್ವರ್‌ಗೆ ಹಳೆಯ ಬ್ಯಾಕಪ್ ಹಾಕುವಾಗ ಅಳಿಸಿದ್ದ ಮೂಲ ಕಡತಗಳೂ ಫೋಲ್ಡರ್ ಪಟ್ಟಿಯೂ ಮರಳಿ ಬರುವ ಸಂಭವವಿದೆ.